ಹನ್ನೆರಡು ವರ್ಷ ಇರಾಕಿನ ಆಕಾಶ ಕಾದಿದ್ದು ಯಾರಿಗಾಗಿ?

ಇರಾಕಿನ ಭೂಪಟ ಒಂದನ್ನು ಎದುರಿಗೆ ಇಟ್ಟುಕೊಳ್ಳಿ, ಮೊಬೈಲಿನಲ್ಲಿ ತೆರೆದರೂ ಆಯ್ತು. 36ನೇ ಅಕ್ಷಾಂಶದ ಮೇಲೆ ಎಡದಿಂದ ಬಲಕ್ಕೆ ಒಂದು ಗೆರೆ ಎಳೆಯಿರಿ. ಕೆಳಗೆ 32ರ ಮೇಲೆ ಇನ್ನೊಂದು. 1992ರ ಆಗಸ್ಟ್ ಕೊನೆಯಿಂದ ಈ ಎರಡು ಗೆರೆಗಳ ನಡುವಿನ ಪಟ್ಟಿಯಲ್ಲಿ ಮಾತ್ರ ಇರಾಕಿನ ವಿಮಾನಗಳು ಹಾರಬಹುದಿತ್ತು. ಮೇಲಿನ ಗೆರೆಯ ಉತ್ತರಕ್ಕೆ, ಕೆಳಗಿನ ಗೆರೆಯ ದಕ್ಷಿಣಕ್ಕೆ ಅಮೆರಿಕ, ಬ್ರಿಟನ್, ಫ್ರಾನ್ಸ್ ವಿಮಾನಗಳ ಕಾವಲು. ಇರಾಕಿನ ವಿಮಾನ ಬಂದರೆ ಹೊಡೆದು ಬೀಳಿಸುತ್ತೇವೆ ಅನ್ನುವ ಎಚ್ಚರಿಕೆ.

ಇದಕ್ಕೆ ನೋ-ಫ್ಲೈ ಝೋನ್ ಅಂತಾರೆ, ಹಾರಾಟ ನಿಷೇಧ ವಲಯ. ಉತ್ತರದ ವಲಯ ಶುರುವಾಗಿದ್ದು 1991ರ ಏಪ್ರಿಲ್‌ನಲ್ಲಿ, ದಕ್ಷಿಣದ್ದು ಮುಂದಿನ ವರ್ಷ. ಎರಡೂ ನಿಂತಿದ್ದು 2003ರಲ್ಲಿ, ಅದೂ ಯಾರೋ ಕೂತು ಯೋಚಿಸಿ ಇನ್ನು ಸಾಕು ಅಂದಿದ್ದಕ್ಕಲ್ಲ, ಇರಾಕನ್ನೇ ಗೆದ್ದುಕೊಂಡ ಮೇಲೆ ಕಾಯಲು ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹಾರಾಟಗಳು ಆಗಿದ್ದವು. ವರ್ಷಕ್ಕೆ ಸುಮಾರು 100 ಕೋಟಿ ಡಾಲರ್ ಖರ್ಚು.

ಯಾವುದಕ್ಕೆ? ಮೊದಲ ತಿಂಗಳಲ್ಲಿ ಈ ಪ್ರಶ್ನೆ ಕೇಳಿದ್ದರೆ ಒಳ್ಳೆಯ ಉತ್ತರ ಇತ್ತು. ಹತ್ತನೇ ವರ್ಷದಲ್ಲಿ ಕೇಳಿದವರಿಗೆ ಸಿಕ್ಕಿದ್ದು ಒಬ್ಬೊಬ್ಬರಿಂದ ಒಂದೊಂದು ಉತ್ತರ. ಈ ನಡುವೆ ಏನಾಯ್ತು ಅನ್ನೋದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಯಾಕಂದರೆ ಎಲ್ಲಾದರೂ ಯುದ್ಧ ಶುರುವಾದ ತಕ್ಷಣ ಟೀವಿಯಲ್ಲಿ ಯಾರಾದರೊಬ್ಬರು "ನೋ-ಫ್ಲೈ ಝೋನ್ ಮಾಡಿಬಿಡಿ" ಅಂತ ಹೇಳುತ್ತಲೇ ಇರುತ್ತಾರೆ, ಅದೇನೋ ಬಾಗಿಲಿಗೆ ಬೀಗ ಹಾಕಿದಷ್ಟು ಸುಲಭದ ಕೆಲಸ ಅನ್ನುವ ಹಾಗೆ.

ಮೊದಲು ಕಥೆ ಎಲ್ಲಿಂದ ಶುರು ಅಂತ ಹೇಳಿಬಿಡುತ್ತೇನೆ. 1990ರ ಆಗಸ್ಟ್ 2ರಂದು ಸದ್ದಾಂ ಹುಸೇನ್ ಸೇನೆ ಕುವೈತಿಗೆ ನುಗ್ಗಿತು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ಆಗಸ್ಟ್ ಇನ್ನೂ ನೆನಪಿದೆ. ಕುವೈತಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ಲಕ್ಷಕ್ಕೂ ಜಾಸ್ತಿ ಭಾರತೀಯರನ್ನು ಏರ್ ಇಂಡಿಯಾ ವಿಮಾನಗಳು ಜೋರ್ಡಾನಿನ ಅಮ್ಮಾನ್‌ನಿಂದ ಮನೆಗೆ ಕರೆತಂದವು. ಮುಂದಿನ ವರ್ಷ ಜನವರಿಯಲ್ಲಿ ಅಮೆರಿಕ ಮತ್ತು ಅದರ ಜೊತೆಗಾರರು ಯುದ್ಧ ಶುರುಮಾಡಿ, ಫೆಬ್ರವರಿ ಕೊನೆಗೆ ಇರಾಕ್ ಸೇನೆಯನ್ನು ಕುವೈತಿನಿಂದ ಹೊರದಬ್ಬಿದರು.

ಆಮೇಲೆ ಮಾರ್ಚ್ 3. ಕುವೈತ್ ಗಡಿಯ ಹತ್ತಿರ ಸಫ್ವಾನ್ ಅನ್ನುವ ಊರಿನಲ್ಲಿ ಒಂದು ಡೇರೆ. ಒಳಗೆ ಒಂದು ಕಡೆ ಅಮೆರಿಕದ ಜನರಲ್ ನಾರ್ಮನ್ ಶ್ವಾರ್ಜ್‌ಕಾಫ್, ಇನ್ನೊಂದು ಕಡೆ ಇರಾಕಿನ ಜನರಲ್ ಸುಲ್ತಾನ್ ಹಾಶಿಂ ಅಹ್ಮದ್. ಕದನ ವಿರಾಮದ ಮಾತುಕತೆ. ಕೊನೆಯಲ್ಲಿ ಇರಾಕಿನ ಜನರಲ್ ಒಂದು ಸಣ್ಣ ಬೇಡಿಕೆ ಇಟ್ಟರು. ನಮ್ಮ ರಸ್ತೆ, ಸೇತುವೆ ಎಲ್ಲ ಹಾಳಾಗಿವೆ, ಅಧಿಕಾರಿಗಳು ಓಡಾಡಲು ಹೆಲಿಕಾಪ್ಟರ್ ಬಳಸಬಹುದೇ? ಶ್ವಾರ್ಜ್‌ಕಾಫ್ ಒಪ್ಪಿದರು. ಆಯುಧ ಇರುವ ಹೆಲಿಕಾಪ್ಟರ್ ಕೂಡಾನಾ ಅಂತ ಕೇಳಿದಾಗಲೂ ಒಪ್ಪಿದರು. ನನಗೆ ಈ ಇಡೀ ಕಥೆಯಲ್ಲಿ ಅತಿ ಹೆಚ್ಚು ನೋವು ಕೊಡುವ ಜಾಗ ಇದೇ. ಆ ಹೊತ್ತಿಗೆ ದಕ್ಷಿಣದ ಬಸ್ರಾ, ನಜಾಫ್, ಕರ್ಬಲಾದಲ್ಲಿ ಶಿಯಾಗಳು ಸದ್ದಾಂ ವಿರುದ್ಧ ದಂಗೆ ಎದ್ದಿದ್ದರು. ಎರಡು ದಿನಕ್ಕೆ ಉತ್ತರದಲ್ಲಿ ಕುರ್ದರೂ ಎದ್ದರು, ಅರಬರಲ್ಲದ, ತಮ್ಮದೇ ಭಾಷೆಯ ಬೆಟ್ಟನಾಡಿನ ಜನ. ಅವರ ಮೇಲೆ ಗುಂಡು ಸುರಿಸಿದ್ದು ಡೇರೆಯಲ್ಲಿ ಒಪ್ಪಿಗೆ ಪಡೆದ ಅದೇ ಹೆಲಿಕಾಪ್ಟರ್‌ಗಳು. ಅಮೆರಿಕದ ವಿಮಾನಗಳು ಅಲ್ಲೇ ಮೇಲೆ ಇದ್ದವು, ನೋಡುತ್ತಿದ್ದವು. ತಡೆಯಲಿಲ್ಲ.

ಅಂದರೆ ಆಕಾಶ ಮುಚ್ಚಬೇಕಾಗಿದ್ದ ತಿಂಗಳು ಅಂತ ಒಂದಿದ್ದರೆ ಅದು 1991ರ ಮಾರ್ಚ್. ಆ ತಿಂಗಳು ಮುಚ್ಚಲಿಲ್ಲ.

ಕುರ್ದರು ಬೆಟ್ಟಗಳ ಕಡೆ ಓಡಿದರು. ಮೂರೇ ವರ್ಷ ಹಿಂದೆ, 1988ರ ಮಾರ್ಚ್‌ನಲ್ಲಿ, ಹಲಬ್ಜಾ ಊರಿನ ಮೇಲೆ ಸದ್ದಾಂ ಸೇನೆ ವಿಷಾನಿಲ ಹಾಕಿ ಸುಮಾರು 5,000 ಜನರನ್ನು ಕೊಂದಿತ್ತು. ಹೆಲಿಕಾಪ್ಟರ್ ಸದ್ದು ಕೇಳಿದರೆ ಮಕ್ಕಳನ್ನು ಎತ್ತಿಕೊಂಡು ಓಡದೆ ಇನ್ನೇನು ಮಾಡುತ್ತಾರೆ? ಟರ್ಕಿ ಗಡಿಗೆ ಸುಮಾರು ಐದು ಲಕ್ಷ ಜನ, ಇರಾನ್ ಕಡೆಗೆ ಹತ್ತು ಲಕ್ಷಕ್ಕೂ ಹೆಚ್ಚು. ಬೆಟ್ಟದ ಮೇಲೆ ಇನ್ನೂ ಹಿಮ ಇತ್ತು. ಟರ್ಕಿ ಒಳಗೆ ಬಿಡಲಿಲ್ಲ. ಚಳಿಗೆ, ಭೇದಿಗೆ ದಿನಾ ನೂರಾರು ಜನ ಸತ್ತರು, ಅವರಲ್ಲಿ ಪುಟ್ಟ ಮಕ್ಕಳೇ ಜಾಸ್ತಿ.

ಆಗ ಬಂದಿದ್ದು ಆಪರೇಷನ್ ಪ್ರೊವೈಡ್ ಕಂಫರ್ಟ್. ಊಟ, ಕಂಬಳಿ, ಔಷಧಿ ವಿಮಾನದಿಂದ ಬೀಳಿಸುವುದು, ಆ ವಿಮಾನಗಳಿಗೆ ಇರಾಕ್ ತೊಂದರೆ ಕೊಡದ ಹಾಗೆ 36ನೇ ಅಕ್ಷಾಂಶದ ಉತ್ತರಕ್ಕೆ ಹಾರಾಟ ನಿಷೇಧಿಸುವುದು. ಇಲ್ಲಿ ಒಂದು ಮಾತು ಗಮನಿಸಬೇಕು. ಜನ ಬೆಟ್ಟ ಇಳಿದು ಬಂದಿದ್ದು ವಿಮಾನ ನೋಡಿ ಧೈರ್ಯ ಬಂದು ಅಲ್ಲ. ಅಮೆರಿಕ, ಬ್ರಿಟನ್, ಫ್ರಾನ್ಸ್ ಮತ್ತು ಇತರ ದೇಶಗಳ ಸೈನಿಕರು ಝಾಖೋ ಕಣಿವೆಗೆ ಕಾಲ್ನಡಿಗೆಯಲ್ಲಿ, ಟ್ರಕ್ಕುಗಳಲ್ಲಿ ಬಂದು, ಇರಾಕಿ ಸೇನೆಯನ್ನು ಹಿಂದಕ್ಕೆ ಕಳಿಸಿ, ಡೇರೆ ಹಾಕಿ, ನೀರಿನ ವ್ಯವಸ್ಥೆ ಮಾಡಿದ ಮೇಲೆ ಜನ ಇಳಿದರು. ನೆಲದ ಮೇಲಿನ ಕೆಲಸ ಅದು. ಆ ಸೈನಿಕರು ಜುಲೈ ಹೊತ್ತಿಗೆ ವಾಪಸ್ ಹೋದರು. ವಿಮಾನಗಳು ಮಾತ್ರ ಉಳಿದವು.

ಇದಕ್ಕೆ ವಿಶ್ವಸಂಸ್ಥೆಯ ಒಪ್ಪಿಗೆ ಇತ್ತಾ? ಅಮೆರಿಕ ಮತ್ತು ಬ್ರಿಟನ್ ಬೆರಳು ತೋರಿಸಿದ್ದು ಭದ್ರತಾ ಮಂಡಳಿಯ 688ನೇ ನಿರ್ಣಯದ ಕಡೆಗೆ, 1991ರ ಏಪ್ರಿಲ್ 5ರದ್ದು. ಅದನ್ನು ಓದಿದರೆ ಇರಾಕ್ ತನ್ನ ಜನರನ್ನು ಹಿಂಸಿಸುವುದನ್ನು ನಿಲ್ಲಿಸಬೇಕು, ಪರಿಹಾರ ಸಂಸ್ಥೆಗಳನ್ನು ಒಳಗೆ ಬಿಡಬೇಕು ಅಂತಿದೆ. ಹಾರಾಟ ನಿಷೇಧ ಅನ್ನುವ ಪದವೇ ಇಲ್ಲ. ಬಲ ಬಳಸಲು ಅಧಿಕಾರ ಕೊಡುವ ಮಾತೂ ಇಲ್ಲ. ಆಗ ಭದ್ರತಾ ಮಂಡಳಿಯಲ್ಲಿದ್ದ ಭಾರತ ಮತ್ತು ಚೀನಾ ಈ ನಿರ್ಣಯಕ್ಕೂ ಮತ ಹಾಕದೆ ದೂರ ಉಳಿದಿದ್ದವು.

ಕಾನೂನಿನ ಈ ವಿಷಯ ಸುಮ್ನೆ ವಕೀಲರ ವಾದ ಅಂತ ಬಿಡೋ ಹಾಗಿಲ್ಲ. ಇದರಿಂದ ಒಂದು ದೊಡ್ಡ ಸಮಸ್ಯೆ ಹುಟ್ಟಿತು. ಇರಾಕ್ ಮೇಲಿನ ಆರ್ಥಿಕ ನಿರ್ಬಂಧಗಳಿಗೆ 687ನೇ ನಿರ್ಣಯ ಇತ್ತು. ಇಂತಿಂಥ ಆಯುಧ ನಾಶ ಮಾಡಿದರೆ ನಿರ್ಬಂಧ ತೆಗೆಯುತ್ತೇವೆ ಅಂತ ಅದರಲ್ಲಿ ಬರೆದಿತ್ತು. ಪಾಲಿಸಿದರೋ ಇಲ್ಲವೋ, ಬಾಗಿಲು ಎಲ್ಲಿದೆ ಅಂತಾದರೂ ಗೊತ್ತಿತ್ತು. ಹಾರಾಟ ನಿಷೇಧಕ್ಕೆ ಹಾಗೆ ಬರೆದ ಷರತ್ತೇ ಇಲ್ಲ. ಸದ್ದಾಂ ಏನು ಮಾಡಿದರೆ ಇದು ಮುಗಿಯುತ್ತದೆ? ಎಷ್ಟು ವರ್ಷ? ಯಾರು ತೀರ್ಮಾನ ಮಾಡುತ್ತಾರೆ? ಎಲ್ಲೂ ಇಲ್ಲ. ಟರ್ಕಿಯ ಸಂಸತ್ತು ಒಂದೇ ಆರು ತಿಂಗಳಿಗೊಮ್ಮೆ ಕೂತು, ನಮ್ಮ ಇಂಜರ್ಲಿಕ್ ವಾಯುನೆಲೆಯನ್ನು ಇವರಿಗೆ ಇನ್ನೂ ಕೊಡಬೇಕಾ ಅಂತ ಚರ್ಚೆ ಮಾಡುತ್ತಿತ್ತು.

ಈಗ ಮತ್ತೆ ಭೂಪಟಕ್ಕೆ ಬನ್ನಿ. 36ನೇ ಅಕ್ಷಾಂಶದ ಉತ್ತರಕ್ಕೆ ದುಹೋಕ್ ಇದೆ, ಝಾಖೋ ಇದೆ, ಎರ್ಬಿಲ್ ಕೂದಲೆಳೆಯಷ್ಟು ಅಂತರದಲ್ಲಿ ಒಳಗೆ ಬರುತ್ತದೆ. ಸುಲೈಮಾನಿಯಾ? ಕುರ್ದರ ದೊಡ್ಡ ನಗರ, ಗೆರೆಯ ಹೊರಗೆ. ಕಿರ್ಕುಕ್ ಹೊರಗೆ. ಹಲಬ್ಜಾ ಕೂಡ ಹೊರಗೆ. ಯಾವ ಊರಿನ ಹೆಸರು ಹೇಳಿ ಜಗತ್ತನ್ನು ಒಪ್ಪಿಸಿದರೋ ಆ ಊರಿನ ಮೇಲೆ ನಿಷೇಧವೇ ಇರಲಿಲ್ಲ. ಹಾಗೇ ಮೋಸುಲ್ ನೋಡಿ, ಅದು ಗೆರೆಯ ಒಳಗಿದೆ, ಆದರೆ ಹನ್ನೆರಡೂ ವರ್ಷ ಸದ್ದಾಂ ಕೈಯಲ್ಲೇ ಇತ್ತು. 1991ರ ಅಕ್ಟೋಬರ್‌ನಲ್ಲಿ ಇರಾಕಿ ಸೇನೆ ಹಿಂದೆ ಸರಿದಾಗ ಕುರ್ದರಿಗೆ ಸಿಕ್ಕ ಪ್ರದೇಶದ ಗಡಿ ಈ ಅಕ್ಷಾಂಶಕ್ಕೆ ಹೊಂದುವುದೇ ಇಲ್ಲ. ಸುಲೈಮಾನಿಯಾ, ಹಲಬ್ಜಾ ಎರಡೂ ಗೆರೆಯ ಹೊರಗಿದ್ದೂ ಕುರ್ದರ ಆಡಳಿತದಲ್ಲಿ ಉಳಿದವು. ಮೇಲೆ ವಿಮಾನ ಇದೆ ಅನ್ನುವ ಹೆದರಿಕೆ ಸದ್ದಾಂಗೆ ಇದ್ದಿರಬಹುದು, ಖಂಡಿತ. ಆದರೆ ಕುರ್ದರು ಉಳಿದಿದ್ದಕ್ಕೆ ಅವರದೇ ಪೆಶ್‌ಮರ್ಗಾ ಹೋರಾಟಗಾರರು, ಬೆಟ್ಟಗಳು, ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಇರಾಕಿ ಸೇನೆಯ ಸ್ಥಿತಿ, ಎಲ್ಲವೂ ಕಾರಣ.

ಆಕಾಶದಲ್ಲಿ ನಿಷೇಧ ಅಂದರೆ ಗೋಡೆ ಕಟ್ಟಿದ ಹಾಗಲ್ಲ ಅನ್ನೋದು ಇಲ್ಲಿ ಅರ್ಥ ಆಗಬೇಕು. ಅದೊಂದು ಬೆದರಿಕೆ. ಬೆದರಿಕೆ ನಿಜ ಅನ್ನಿಸಬೇಕಾದರೆ ಫೈಟರ್ ವಿಮಾನಗಳು ಹಾರುತ್ತಲೇ ಇರಬೇಕು. ಅವಕ್ಕೆ ದಾರಿ ತೋರಿಸಲು, ಬೆನ್ನ ಮೇಲೆ ತಟ್ಟೆಯಂಥ ರಾಡಾರ್ ಹೊತ್ತ ಅವಾಕ್ಸ್ ವಿಮಾನ ಬೇಕು. ಗಾಳಿಯಲ್ಲೇ ಇಂಧನ ತುಂಬಿಸುವ ಟ್ಯಾಂಕರ್ ವಿಮಾನ, ಶತ್ರುವಿನ ರಾಡಾರ್ ಕಣ್ಣು ಕುರುಡು ಮಾಡುವ ವಿಮಾನ, ಪೈಲಟ್ ಬಿದ್ದರೆ ಎತ್ತಿಕೊಂಡು ಬರಲು ಹೆಲಿಕಾಪ್ಟರ್, ಇವೆಲ್ಲ ಬೇಕು. ಇದಿಷ್ಟೂ ವಿಮಾನಗಳು ಯಾರದೋ ದೇಶದ ಮೇಲೆ ಹಾರುತ್ತಿವೆ, ಕೆಳಗೆ ಆ ದೇಶದ ಕ್ಷಿಪಣಿಗಳಿವೆ, ಫಿರಂಗಿಗಳಿವೆ. ಹಾಗಾಗಿ ಆಕಾಶ ಕಾಯಲು ಹೊರಟವರು ನೆಲಕ್ಕೆ ಬಾಂಬ್ ಹಾಕಲೇಬೇಕಾಗುತ್ತದೆ. ಒಂದು ಹನಿ ರಕ್ತ ಬೀಳದ ಯುದ್ಧದ ಹಾಗೆ ಇದನ್ನು ಜನರ ಮುಂದೆ ಇಡುತ್ತಾರೆ, ನನಗೆ ಸಿಟ್ಟು ಬರೋದು ಅದಕ್ಕೇ.

ಇಷ್ಟು ಸರಂಜಾಮು ಇದ್ದಾಗ ಏನಾಗಬಹುದು ಅನ್ನೋದಕ್ಕೆ 1994ರ ಏಪ್ರಿಲ್ 14 ಒಂದು ಸಾಕ್ಷಿ. ಅವತ್ತು ಬೆಳಗ್ಗೆ ಅಮೆರಿಕದ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳು ಝಾಖೋದಿಂದ ಎರ್ಬಿಲ್ ಕಡೆ ಹೊರಟವು. ಒಳಗೆ ಒಟ್ಟು 26 ಜನ. ಅಮೆರಿಕದವರು 15, ಜೊತೆಗೆ ಟರ್ಕಿ, ಬ್ರಿಟನ್, ಫ್ರಾನ್ಸ್ ಅಧಿಕಾರಿಗಳು, ಐವರು ಕುರ್ದರು. ಅದೇ ಹೊತ್ತಿಗೆ ಅಮೆರಿಕದ್ದೇ ಎರಡು ಎಫ್-15 ಫೈಟರ್‌ಗಳು ಆಕಾಶ ಖಾಲಿ ಇದೆಯಾ ನೋಡಲು ಬಂದವು. ಹೆಲಿಕಾಪ್ಟರ್‌ಗಳು ಇದ್ದ ರೇಡಿಯೋ ತರಂಗಾಂತರ ಬೇರೆ, ಫೈಟರ್‌ಗಳದ್ದು ಬೇರೆ. ನಾವು ನಿಮ್ಮವರೇ ಅಂತ ತಿಳಿಸುವ ಗುರುತಿನ ಸಂಕೇತವೂ ಆ ವಲಯಕ್ಕೆ ಗೊತ್ತು ಮಾಡಿದ್ದಕ್ಕಿಂತ ಬೇರೆ ಇತ್ತು. ಮೇಲೆ ಅವಾಕ್ಸ್ ಇತ್ತು, ಅದರಲ್ಲಿ ಕೂತಿದ್ದವರಿಗೆ ಹೆಲಿಕಾಪ್ಟರ್ ಹೊರಟಿದ್ದು ಗೊತ್ತಿತ್ತು, ಆದರೂ ಯಾರೂ ಎಚ್ಚರಿಸಲಿಲ್ಲ. ಪೈಲಟ್‌ಗಳು ಪಕ್ಕದಲ್ಲೇ ರಭಸವಾಗಿ ಹಾದುಹೋಗಿ ಕಣ್ಣಲ್ಲೇ ನೋಡಿದರು. ಹೆಲಿಕಾಪ್ಟರ್‌ಗಳ ಮೇಲೆ ಅಮೆರಿಕದ ಬಾವುಟ ಬರೆದಿತ್ತು. ಆದರೆ ಅವರ ಕಣ್ಣಿಗೆ ಕಂಡಿದ್ದು ಇರಾಕಿನ ರಷ್ಯನ್ ಹೆಲಿಕಾಪ್ಟರ್. ಎರಡು ಕ್ಷಿಪಣಿ, ಎರಡೂ ಗುರಿ ಮುಟ್ಟಿದವು. 26 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಇನ್ನು ದಕ್ಷಿಣ. ಆಪರೇಷನ್ ಸದರ್ನ್ ವಾಚ್ ಶುರುವಾಗಿದ್ದು 1992ರ ಆಗಸ್ಟ್ 27ಕ್ಕೆ. ಶಿಯಾ ದಂಗೆಯನ್ನು ಹೊಸಕಿ ಹಾಕಿ ಆಗಲೇ ಹದಿನೇಳು ತಿಂಗಳು ಕಳೆದಿತ್ತು. ಅವರ ಪವಿತ್ರ ನಗರ ಕರ್ಬಲಾ 32ನೇ ಅಕ್ಷಾಂಶದ ಉತ್ತರಕ್ಕೆ ಇದೆ, ಅಂದರೆ ಆ ವಲಯದ ಹೊರಗೇ ಉಳಿಯಿತು.

ಟೈಗ್ರಿಸ್, ಯೂಫ್ರೆಟಿಸ್ ನದಿಗಳು ಕೂಡುವ ಕಡೆ ಒಂದು ದೊಡ್ಡ ಜೌಗು ನಾಡಿತ್ತು. ಜೊಂಡು ಕಟ್ಟಿ ಮನೆ ಮಾಡುವ, ಎಮ್ಮೆ ಸಾಕುವ, ದೋಣಿಯಲ್ಲೇ ಮನೆಯಿಂದ ಮನೆಗೆ ಹೋಗುವ ಜನ ಅಲ್ಲಿದ್ದರು, ಸಾವಿರಾರು ವರ್ಷಗಳಿಂದ. ದಂಗೆಕೋರರು ಆ ಜೊಂಡಿನ ಒಳಗೆ ಅವಿತಿದ್ದಾರೆ ಅಂತ ಸದ್ದಾಂ ಸರ್ಕಾರ ನದಿಗಳಿಗೆ ಒಡ್ಡು ಕಟ್ಟಿ, ಉದ್ದುದ್ದ ಕಾಲುವೆ ತೋಡಿ ನೀರನ್ನೇ ಬೇರೆ ಕಡೆ ತಿರುಗಿಸಿತು. ಅದರಲ್ಲಿ ಒಂದು ಕಾಲುವೆಗೆ ಇಟ್ಟ ಹೆಸರು ಯುದ್ಧಗಳ ತಾಯಿ ನದಿ. ಹಳ್ಳಿಗಳನ್ನು ಸುಟ್ಟರು, ಫಿರಂಗಿಯಿಂದ ಹೊಡೆದರು. ಇದೆಲ್ಲ ನಡೆದಿದ್ದು ಬಹುಪಾಲು ಸದರ್ನ್ ವಾಚ್ ವಿಮಾನಗಳು ಮೇಲೆ ಹಾರುತ್ತಿದ್ದ ವರ್ಷಗಳಲ್ಲೇ. ಬುಲ್ಡೋಜರ್‌ಗೆ ರೆಕ್ಕೆ ಇಲ್ಲ, ನಿಷೇಧ ಅದಕ್ಕೆ ತಾಗಲಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2001ರಲ್ಲಿ ಉಪಗ್ರಹ ಚಿತ್ರಗಳನ್ನು ನೋಡಿ ಹೇಳಿದ್ದು, ಜೌಗಿನ ಸುಮಾರು ಶೇ. 90 ಭಾಗ ಹೋಗಿಬಿಟ್ಟಿದೆ ಅಂತ. ನೀರಿದ್ದ ಕಡೆ ಉಪ್ಪು ಗಟ್ಟಿದ, ಬಿರುಕು ಬಿಟ್ಟ ನೆಲ. ಜನ ಇರಾನಿನ ಶಿಬಿರಗಳಿಗೆ, ಬಸ್ರಾ ಸುತ್ತಿನ ಊರುಗಳಿಗೆ ಚೆದುರಿ ಹೋಗಿದ್ದರು. ಅವರನ್ನು ಕಾಯುವುದೇ ಈ ವಲಯದ ಉದ್ದೇಶ ಅಂತ 1992ರಲ್ಲಿ ಹೇಳಿದ್ದರಲ್ವಾ?

ಯುರೋಪಿನ ಬೋಸ್ನಿಯಾದಲ್ಲೂ ಇದೇ ಆಯ್ತು. 1993ರ ಏಪ್ರಿಲ್‌ನಿಂದ ಅಲ್ಲಿ ಅಮೆರಿಕ, ಯುರೋಪಿನ ದೇಶಗಳ ಸೇನಾ ಕೂಟ ನೇಟೋ ಹಾರಾಟ ನಿಷೇಧ ಜಾರಿ ಮಾಡುತ್ತಿತ್ತು, ಅದಕ್ಕೆ ಭದ್ರತಾ ಮಂಡಳಿಯ ಸ್ಪಷ್ಟ ಒಪ್ಪಿಗೆಯೂ ಇತ್ತು. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾ ಊರಿನಲ್ಲಿ ಸರ್ಬ್ ಪಡೆಗಳು ಸುಮಾರು 8,000 ಗಂಡಸರು, ಹುಡುಗರನ್ನು ಬಸ್ಸು, ಲಾರಿಗಳಲ್ಲಿ ಕರೆದುಕೊಂಡು ಹೋಗಿ ಬಂದೂಕಿನಿಂದ ಕೊಂದರು. ಕೊಲ್ಲುವವರಿಗೆ ವಿಮಾನ ಬೇಕಾಗಿರಲಿಲ್ಲ.

ಇರಾಕಿನ ಉತ್ತರದಲ್ಲಿ ಇದು ಕಣ್ಣಿಗೆ ಹೊಡೆದ ಹಾಗೆ ಕಂಡಿದ್ದು 1996ರಲ್ಲಿ. ಕುರ್ದರ ಎರಡು ಪಕ್ಷಗಳು 1994ರಿಂದ ತಮ್ಮ ತಮ್ಮಲ್ಲೇ ಹೊಡೆದಾಡುತ್ತಿದ್ದವು, ಒಂದು ಕಡೆ ಮಸೂದ್ ಬರ್ಜಾನಿ, ಇನ್ನೊಂದು ಕಡೆ ಜಲಾಲ್ ತಾಲಬಾನಿ. ತಾಲಬಾನಿಗೆ ಇರಾನ್ ಸಹಾಯ ಮಾಡುತ್ತಿದೆ ಅಂತ ಬರ್ಜಾನಿ ಸದ್ದಾಂನನ್ನೇ ಕರೆದರು. ಆಗಸ್ಟ್ 31ಕ್ಕೆ ಇರಾಕಿ ಟ್ಯಾಂಕುಗಳು ಎರ್ಬಿಲ್‌ಗೆ ನುಗ್ಗಿದವು. ಎರ್ಬಿಲ್ ನಿಷೇಧ ವಲಯದ ಒಳಗೇ ಇದೆ. ಟ್ಯಾಂಕು ಹಾರುವುದಿಲ್ಲವಲ್ಲ, ನಿಯಮ ಮುರಿದ ಹಾಗಾಗಲಿಲ್ಲ. ಸದ್ದಾಂ ವಿರುದ್ಧ ಅಲ್ಲಿ ಕೆಲಸ ಮಾಡುತ್ತಿದ್ದ ಎಷ್ಟೋ ಇರಾಕಿಗಳನ್ನು ಹುಡುಕಿ ಕೊಂದರು. ಅಮೆರಿಕ ಏನು ಮಾಡಿತು ಗೊತ್ತಾ? ದಕ್ಷಿಣ ಇರಾಕಿನ ವಾಯು ರಕ್ಷಣಾ ನೆಲೆಗಳ ಮೇಲೆ 44 ಕ್ರೂಸ್ ಕ್ಷಿಪಣಿ ಹಾರಿಸಿತು. ದಕ್ಷಿಣದ ವಲಯವನ್ನು 32ರಿಂದ 33ನೇ ಅಕ್ಷಾಂಶಕ್ಕೆ ಏರಿಸಿತು, ಅದು ಬಗ್ದಾದ್ ನಗರದ ಅಂಚಿಗೇ ಬಂತು. ಪೆಟ್ಟು ಬಿದ್ದಿದ್ದು ಉತ್ತರದ ಕುರ್ದರಿಗೆ, ವಲಯ ದೊಡ್ಡದಾಗಿದ್ದು ದಕ್ಷಿಣದಲ್ಲಿ. ಇಲ್ಲಿಗೆ ಜನರನ್ನು ಕಾಯುವ ಉದ್ದೇಶ ಹಿಂದೆ ಸರಿದು ಸದ್ದಾಂನನ್ನು ಕಟ್ಟಿಹಾಕುವುದು ಮುಂದೆ ಬಂದಿತ್ತು ಅಂತ ನನ್ನ ತೀರ್ಮಾನ. ಫ್ರಾನ್ಸ್‌ಗೂ ಹಾಗೇ ಅನ್ನಿಸಿರಬೇಕು, ಏರಿಸಿದ ಭಾಗದಲ್ಲಿ ತಾನು ಹಾರುವುದಿಲ್ಲ ಅಂತ ಹೇಳಿ, ವರ್ಷದ ಕೊನೆಗೆ ಉತ್ತರದ ವಲಯದಿಂದ ಪೂರ್ತಿ ಹೊರಬಂತು. 1997ರ ಜನವರಿ 1ರಿಂದ ಉತ್ತರದ ಕಾರ್ಯಾಚರಣೆಯ ಹೆಸರೂ ಬದಲಾಯಿತು. ಹಳೆಯ ಹೆಸರಿನಲ್ಲಿ ನೆಮ್ಮದಿ ಕೊಡುವ ಮಾತಿತ್ತು. ಹೊಸದು ನಾರ್ದರ್ನ್ ವಾಚ್, ಉತ್ತರದ ಕಾವಲು.

ಟರ್ಕಿ ವಿಷಯ ಹೇಳದೆ ಹೋದರೆ ಕುರ್ದರಿಗೆ ಅನ್ಯಾಯ ಆಗುತ್ತದೆ. ಉತ್ತರ ವಲಯದ ವಿಮಾನಗಳು ಏಳುತ್ತಿದ್ದದ್ದು ಟರ್ಕಿಯ ಇಂಜರ್ಲಿಕ್‌ನಿಂದ. ಅದೇ ಟರ್ಕಿ ತನ್ನ ದೇಶದ ಕುರ್ದ್ ಬಂಡುಕೋರರನ್ನು ಅಟ್ಟಿಸಿಕೊಂಡು ಉತ್ತರ ಇರಾಕಿನೊಳಗೆ ಬಂದು ಬಾಂಬ್ ಹಾಕುತ್ತಿತ್ತು. 1995ರ ಮಾರ್ಚ್‌ನಲ್ಲಿ ಸುಮಾರು 35,000 ಸೈನಿಕರನ್ನೇ ಒಳಗೆ ಕಳಿಸಿತ್ತು. ಟರ್ಕಿಯ ವಿಮಾನಗಳು ಹೊರಟ ದಿನ ಅಮೆರಿಕ, ಬ್ರಿಟನ್ ಪೈಲಟ್‌ಗಳಿಗೆ ವಾಪಸ್ ಬನ್ನಿ ಅಂತ ಆದೇಶ ಬರುತ್ತಿತ್ತು. ಬಾಂಬ್ ತುಂಬಿಕೊಂಡ ಟರ್ಕಿ ವಿಮಾನಗಳು ಎದುರಿನಿಂದ ಹೋಗುವುದು, ಖಾಲಿಯಾಗಿ ಮರಳುವುದು, ಆಮೇಲೆ ತಾವು ಮತ್ತೆ ಕಾವಲಿಗೆ ಹೋದಾಗ ಕೆಳಗೆ ಹಳ್ಳಿಗಳಿಂದ ಹೊಗೆ ಏಳುವುದು, ಇದನ್ನು ಆ ಪೈಲಟ್‌ಗಳೇ ಪತ್ರಕರ್ತರಿಗೆ ಹೇಳಿದ್ದಾರೆ. ಕುರ್ದರ ಮೇಲೆ ಯಾರೂ ಬಾಂಬ್ ಹಾಕಬಾರದು ಅಂತ ಇದ್ದ ಆಕಾಶ ಅದು.

1998ರ ಡಿಸೆಂಬರ್‌ನಲ್ಲಿ ಆಪರೇಷನ್ ಡೆಸರ್ಟ್ ಫಾಕ್ಸ್ ಅಂತ ನಾಲ್ಕು ದಿನದ ದೊಡ್ಡ ಬಾಂಬ್ ದಾಳಿ ನಡೆಯಿತು. ಅದಾದ ಮೇಲೆ ಫ್ರಾನ್ಸ್ ದಕ್ಷಿಣದಿಂದಲೂ ಹೊರಗೆ. ಸದ್ದಾಂ ಈ ವಲಯಗಳನ್ನು ಒಪ್ಪುವುದೇ ಇಲ್ಲ ಅಂತ ಸಾರಿ, ಕಂಡ ವಿಮಾನಕ್ಕೆಲ್ಲ ಗುಂಡು ಹಾರಿಸಿ ಅಂದ. ಅಲ್ಲಿಂದ ಮುಂದಿನ ನಾಲ್ಕು ವರ್ಷ ಹೀಗೆ ನಡೆಯಿತು: ವಿಮಾನ ಬರುತ್ತದೆ, ಕೆಳಗಿನಿಂದ ರಾಡಾರ್ ಹಚ್ಚುತ್ತಾರೆ ಇಲ್ಲವೇ ಗುಂಡು ಹಾರಿಸುತ್ತಾರೆ, ವಿಮಾನ ಬಾಂಬ್ ಹಾಕಿ ಹೋಗುತ್ತದೆ, ನಾಳೆ ಮತ್ತೆ ಬರುತ್ತದೆ. ಬಾಂಬ್ ಯಾಕೆ? ವಿಮಾನಕ್ಕೆ ಅಪಾಯ ಇದೆ ಅಂತ. ವಿಮಾನ ಯಾಕೆ? ನಿಷೇಧ ಜಾರಿಗೆ. ಇರಾಕಿ ವಿಮಾನಗಳು ಆ ಕಡೆ ಬಂದರೂ ನಿಮಿಷಗಳಲ್ಲಿ ತಿರುಗಿ ಹೋಗುತ್ತಿದ್ದವು. ಅಮೆರಿಕ 1999ರ ಜನವರಿಯಲ್ಲಿ ನಿಯಮ ಸಡಿಲ ಮಾಡಿ, ಗುಂಡು ಹಾರಿಸಿದ ಜಾಗಕ್ಕೇ ಹೊಡೆಯಬೇಕಿಲ್ಲ, ವಾಯು ರಕ್ಷಣೆಗೆ ಸೇರಿದ ಯಾವುದಕ್ಕೆ ಬೇಕಾದರೂ ಹೊಡೆಯಬಹುದು ಅಂದಿತು.

ಇರಾಕಿಗಳು ಫಿರಂಗಿಗಳನ್ನು ಮನೆಗಳ ಹತ್ತಿರ ತಂದಿಡತೊಡಗಿದರು. ಅದಕ್ಕೆ ಉತ್ತರವಾಗಿ ಉತ್ತರ ವಲಯದಲ್ಲಿ ಅಮೆರಿಕ ಸಿಮೆಂಟ್ ಕಾಂಕ್ರೀಟ್ ತುಂಬಿದ ಬಾಂಬ್ ಹಾಕಿತು. ಸ್ಫೋಟಕ ಇಲ್ಲ, ಲೇಸರ್ ತೋರಿಸಿದ ಕಡೆ ಹೋಗಿ ಬೀಳುವ ಕಾಂಕ್ರೀಟಿನ ಗುಂಡು, ಫಿರಂಗಿ ಮಾತ್ರ ಜಜ್ಜಿ ಹೋಗಲಿ, ಪಕ್ಕದ ಮನೆಗೆ ಏನೂ ಆಗದಿರಲಿ ಅಂತ. ಆ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಷ್ಟು ದುಬಾರಿ ವಿಮಾನದಲ್ಲಿ ಕಾಂಕ್ರೀಟ್ ಹೊತ್ತುಕೊಂಡು ಹೋಗಿ ಒಂದು ಹಳೆಯ ಫಿರಂಗಿ ಮೇಲೆ ಹಾಕಿ ಬರುವ ಸ್ಥಿತಿಗೆ ಬಂದಾಗ, ಇದು ಯಾಕೆ ಅಂತ ಯಾರಾದರೂ ನಿಂತು ಕೇಳಬೇಕಿತ್ತು.

ಎಲ್ಲ ಬಾಂಬುಗಳೂ ಕಾಂಕ್ರೀಟಿನವಲ್ಲ, ಎಲ್ಲವೂ ಗುರಿಗೆ ಬೀಳಲೂ ಇಲ್ಲ. 1999ರ ಜನವರಿ 25ರಂದು ಬಸ್ರಾದ ಜನವಸತಿ ಬಡಾವಣೆಯೊಂದಕ್ಕೆ ಅಮೆರಿಕದ ಕ್ಷಿಪಣಿ ಬಿತ್ತು, ಮಕ್ಕಳೂ ಸೇರಿ ಜನ ಸತ್ತರು. ಬಗ್ದಾದ್‌ನಲ್ಲಿ ವಿಶ್ವಸಂಸ್ಥೆಯ ಪರಿಹಾರ ಕೆಲಸದ ಮುಖ್ಯಸ್ಥರಾಗಿದ್ದ ಹಾನ್ಸ್ ಫಾನ್ ಸ್ಪೋನೆಕ್ ತಮ್ಮ ಸಿಬ್ಬಂದಿಯಿಂದ ಇಂಥ ಘಟನೆಗಳನ್ನು ಒಂದೊಂದಾಗಿ ಬರೆದಿಡಲು ಶುರುಮಾಡಿದರು. 1999ರ ಒಂದೇ ವರ್ಷದಲ್ಲಿ ಅವರ ಪಟ್ಟಿಯಲ್ಲಿ ಸತ್ತ ನಾಗರಿಕರು 144. ಅಮೆರಿಕ, ಬ್ರಿಟನ್‌ಗೆ ಇದು ಹಿಡಿಸಲಿಲ್ಲ, ಇದು ನಿಮ್ಮ ಕೆಲಸ ಅಲ್ಲ, ಇರಾಕ್ ಹೇಳಿದ್ದಕ್ಕೆ ಮುದ್ರೆ ಒತ್ತುತ್ತಿದ್ದೀರಿ ಅಂದರು. 2000ದ ಫೆಬ್ರವರಿಯಲ್ಲಿ ಅವರು ರಾಜೀನಾಮೆ ಕೊಟ್ಟರು, ಮುಖ್ಯವಾಗಿ ನಿರ್ಬಂಧಗಳಿಂದ ಜನ ಪಡುತ್ತಿದ್ದ ಪಾಡು ನೋಡಲಾರದೆ. ಇದರ ಎದುರಿಗೆ ಇನ್ನೊಂದು ಲೆಕ್ಕ ಇಡಿ: ಹನ್ನೆರಡು ವರ್ಷದಲ್ಲಿ ಇರಾಕ್ ಹೊಡೆದು ಬೀಳಿಸಿದ, ಪೈಲಟ್ ಇದ್ದ ವಿಮಾನಗಳ ಸಂಖ್ಯೆ ಸೊನ್ನೆ. ಬಿದ್ದಿದ್ದು ಕೆಲವು ಡ್ರೋನ್‌ಗಳು.

ಕಣ್ಣಿಗೆ ಕಾಣದ ಬೆಲೆಯೂ ಇತ್ತು. ದಕ್ಷಿಣದ ವಿಮಾನಗಳು ಏಳಲು ಸೌದಿ ಅರೇಬಿಯಾದಲ್ಲಿ ಅಮೆರಿಕದ ಸೇನೆ ಇರಬೇಕಿತ್ತು. 1996ರ ಜೂನ್ 25ಕ್ಕೆ ಅಲ್ಲಿನ ಖೋಬರ್ ಟವರ್ಸ್ ವಸತಿಯ ಮೇಲೆ ಟ್ರಕ್ ಬಾಂಬ್ ದಾಳಿಯಾಗಿ 19 ಅಮೆರಿಕನ್ ವಾಯುಪಡೆಯವರು ಸತ್ತರು. ಮುಸ್ಲಿಮರ ಪವಿತ್ರ ನೆಲದಲ್ಲಿ ಅಮೆರಿಕದ ಸೈನಿಕರು ಅನ್ನೋದನ್ನೇ ಮುಂದಿಟ್ಟುಕೊಂಡು ಒಸಾಮಾ ಬಿನ್ ಲಾಡೆನ್ ಅದೇ ವರ್ಷ ಅಮೆರಿಕದ ಮೇಲೆ ಯುದ್ಧ ಸಾರಿದ. ಅವನ ಕೃತ್ಯಕ್ಕೆ ಇದು ಸಮರ್ಥನೆ ಅಲ್ಲವೇ ಅಲ್ಲ. ಆದರೆ ಈ ಕಾವಲು ಪುಕ್ಕಟೆ ಅಂತ ವಾಷಿಂಗ್ಟನ್‌ನಲ್ಲಿ ಅಂದುಕೊಂಡಿದ್ದವರ ಲೆಕ್ಕದಲ್ಲಿ ಇದು ಇರಲೇ ಇಲ್ಲ.

ಎದುರಿನ ವಾದವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಕುರ್ದರು 1992ರ ಮೇ ತಿಂಗಳಲ್ಲಿ ಚುನಾವಣೆ ನಡೆಸಿದರು, ತಮ್ಮ ಸರ್ಕಾರ ಮಾಡಿಕೊಂಡರು. ತಮ್ಮ ಭಾಷೆಯಲ್ಲಿ ಶಾಲೆ, ಪತ್ರಿಕೆ, ಟೀವಿ ನಡೆಸಿದರು. ಹಲಬ್ಜಾದಂಥದ್ದು ಮತ್ತೆ ಆಗಲಿಲ್ಲ. ಎರ್ಬಿಲ್‌ನಲ್ಲಿ ಬೆಳೆದ ಒಬ್ಬರನ್ನು ಕೇಳಿದರೆ ಆ ವಿಮಾನಗಳ ಬಗ್ಗೆ ಕೃತಜ್ಞತೆಯಿಂದಲೇ ಮಾತಾಡುತ್ತಾರೆ, ಅದನ್ನು ದೂರದಲ್ಲಿ ಕೂತ ನಾನು ಸುಳ್ಳು ಅನ್ನಲಾರೆ. ಉತ್ತರದ ವಲಯ ಮೊದಲ ವರ್ಷಗಳಲ್ಲಿ ಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. ನನ್ನ ತಕರಾರು ಇರೋದು ಅದಕ್ಕೊಂದು ಕೊನೆ ಇಡದೆ ಹೋದದ್ದಕ್ಕೆ. ಕುರ್ದರ ರಕ್ಷಣೆಗೆ ರಾಜಕೀಯ ಒಪ್ಪಂದ ಬೇಕಿತ್ತು, ನೆಲದ ಮೇಲೆ ಯಾರಾದರೂ ಹೊಣೆ ಹೊರಬೇಕಿತ್ತು. ವಿಮಾನ ದಿನಾ ಹಾರುತ್ತಿದ್ದರೆ ಆ ಕಷ್ಟದ ಕೆಲಸ ಮುಂದೂಡಬಹುದು, ಏನೋ ಮಾಡುತ್ತಿದ್ದೇವೆ ಅಂತ ತೋರಿಸಿಕೊಳ್ಳಬಹುದು.

ಕೊನೆ ಇಲ್ಲದ ಕೆಲಸಕ್ಕೆ ಯಾರು ಬೇಕಾದರೂ ಹೊಸ ಉದ್ದೇಶ ಅಂಟಿಸಬಹುದು. 2001ರ ಫೆಬ್ರವರಿ 16ಕ್ಕೆ ಜಾರ್ಜ್ ಬುಷ್ ಅಧ್ಯಕ್ಷರಾಗಿ ಒಂದು ತಿಂಗಳೂ ಆಗಿರಲಿಲ್ಲ, ಅಮೆರಿಕ ಮತ್ತು ಬ್ರಿಟನ್ ವಿಮಾನಗಳು 33ನೇ ಅಕ್ಷಾಂಶದ ಆಚೆ, ಬಗ್ದಾದ್ ಸುತ್ತಿನ ರಾಡಾರ್ ಕೇಂದ್ರಗಳಿಗೆ ಹೊಡೆದವು. ಮೆಕ್ಸಿಕೋದಲ್ಲಿದ್ದ ಬುಷ್ ಇದು ಮಾಮೂಲಿ ಕಾರ್ಯಾಚರಣೆ ಅಂದರು.

2002ರ ಜೂನ್‌ನಿಂದ ಆ ಮಾಮೂಲಿ ಕೆಲಸದ ಸ್ವರೂಪವೇ ಬೇರೆ ಆಯ್ತು. ಒಳಗಿನ ಹೆಸರು ಸದರ್ನ್ ಫೋಕಸ್. ಹೊರಗೆ ಹೇಳುತ್ತಿದ್ದದ್ದು ಹಳೆಯದೇ, ನಮ್ಮ ವಿಮಾನಕ್ಕೆ ಗುಂಡು ಹಾರಿಸಿದರು, ಉತ್ತರ ಕೊಟ್ಟೆವು ಅಂತ. ಹೊಡೆಯುತ್ತಿದ್ದದ್ದು ಮುಂದಿನ ವರ್ಷದ ಯುದ್ಧಕ್ಕೆ ಅಡ್ಡ ಬರುವ ರಾಡಾರ್‌ಗಳು, ಕಮಾಂಡ್ ಕೇಂದ್ರಗಳು, ಅವನ್ನೆಲ್ಲ ಜೋಡಿಸುವ ಫೈಬರ್ ಆಪ್ಟಿಕ್ ಕೇಬಲ್‌ಗಳು. ಯುದ್ಧ ಬೇಕಾ ಬೇಡವಾ ಅಂತ ಅಮೆರಿಕದ ಕಾಂಗ್ರೆಸ್, ಬ್ರಿಟನ್ನಿನ ಸಂಸತ್ತು, ಭದ್ರತಾ ಮಂಡಳಿ ಇನ್ನೂ ಮಾತಾಡುತ್ತಿದ್ದ ತಿಂಗಳುಗಳು ಅವು. ಆ ವಾಯು ಕಾರ್ಯಾಚರಣೆಯ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಮೈಕಲ್ ಮೋಸ್ಲಿ 2003ರ ಜುಲೈನಲ್ಲಿ, ಎಲ್ಲ ಮುಗಿದ ಮೇಲೆ, ಲೆಕ್ಕ ಕೊಟ್ಟರು: 391 ಗುರಿಗಳ ಮೇಲೆ 606 ಬಾಂಬ್. ಬೆಟ್ಟದ ಮೇಲೆ ಹಿಮದಲ್ಲಿ ಸಾಯುತ್ತಿದ್ದ ಮಕ್ಕಳಿಗಾಗಿ ಶುರುವಾದ ಹಾರಾಟ ಹೇಗೆ ಇಲ್ಲಿಗೆ ಬಂದು ಮುಟ್ಟಿತು ಅಂತ ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಲಿಬಿಯಾದಲ್ಲಿ ಇದೇ ದಾರಿ ತಿಂಗಳುಗಳಲ್ಲೇ ಸವೆಯಿತು. 2011ರ ಮಾರ್ಚ್ 17ರಂದು ಭದ್ರತಾ ಮಂಡಳಿ 1973ನೇ ನಿರ್ಣಯದಲ್ಲಿ ನಾಗರಿಕರನ್ನು ಕಾಯಲು ಹಾರಾಟ ನಿಷೇಧಕ್ಕೆ ಒಪ್ಪಿತು. ಹತ್ತು ದೇಶ ಪರ, ಐದು ದೇಶ ತಟಸ್ಥ, ಆ ಐದರಲ್ಲಿ ಮತ್ತೆ ಭಾರತ ಇತ್ತು. ಅಕ್ಟೋಬರ್ ಹೊತ್ತಿಗೆ ಅಲ್ಲಿನ ಸರ್ವಾಧಿಕಾರಿ ಗಡಾಫಿ ಸತ್ತಿದ್ದ. 2022ರಲ್ಲಿ ಉಕ್ರೇನ್ ಇದನ್ನೇ ಕೇಳಿದಾಗ ನೇಟೋ ಒಪ್ಪಲಿಲ್ಲ, ಯಾಕಂದರೆ ಅದರರ್ಥ ರಷ್ಯಾದ ವಿಮಾನಗಳನ್ನು ನಾವೇ ಹೊಡೆಯುವುದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಜೌಗು ನಾಡಿನ ಕಥೆ ಏನಾಯ್ತು ಅಂತ ಹೇಳಿಲ್ಲ. ಸದ್ದಾಂ ಸರ್ಕಾರ ಬಿದ್ದ ಮೇಲೆ, 2003ರಲ್ಲೇ, ಅಲ್ಲಿನ ಜನ ಯಾರ ಅಪ್ಪಣೆಗೂ ಕಾಯದೆ ಗುದ್ದಲಿ, ಸಲಿಕೆ ಹಿಡಿದು ಹೋಗಿ ಒಡ್ಡುಗಳನ್ನು ತಾವೇ ಒಡೆದರು. ನೀರು ಬಂತು. ಎಲ್ಲ ಕಡೆ ಅಲ್ಲ, ಮೊದಲಿನಷ್ಟೂ ಅಲ್ಲ. ಬಂದ ಕಡೆ ಕೆಲವೇ ತಿಂಗಳಲ್ಲಿ ಜೊಂಡು ಚಿಗುರಿತು. ಒಬ್ಬೊಬ್ಬರಾಗಿ ಎಮ್ಮೆ ಹೊಡೆದುಕೊಂಡು ವಾಪಸ್ ಬಂದರು.